ಬಕೆಟ್ಟಿನ ತಳ

ಬಕೆಟ್ಟು ನನ್ನದೇ.
ಅಂದರೆ ಶಾಲೆಯದು; ಹನ್ನೊಂದು ವರ್ಷದಿಂದ ತಿಕ್ಕುವವಳು ನಾನು,
ಹಾಗಾಗಿ ನನ್ನದು.
ಸ್ಟೀಲಿನದು, ಕೆಳಗೆ ಒಂದು ಕಡೆ ನೆಗ್ಗಿದೆ.
ಮಧ್ಯಾಹ್ನ ಒಂದಕ್ಕೆ ಅದರ ತುಂಬ ಸಾಂಬಾರು.

ಜೂನಿನ ಮೊದಲ ಶನಿವಾರ ಇಂದುಕಲಾ ಮೇಡಂ ಬಂದು
"ಚೌಡಮ್ಮ, ತೊಳೆದು ಕೊಡು ಬೇಗ, ಚೀಟಿ ಎತ್ತಬೇಕು" ಅಂದರು.
ಇಂಗ್ಲಿಷ್ ಸೆಕ್ಷನ್ನಿಗೆ ಮೂವತ್ತೇ ಸೀಟು,
ಅರ್ಜಿ ನೂರಾ ಹದಿನೇಳು.
ತೊಳೆದೆ. ಸೆರಗಿನಲ್ಲಿ ಒರೆಸಿದೆ.
ಬೇಗ ಅಂದಿದ್ದರಲ್ಲ.

ಸೀಗೆಹಟ್ಟಿಯ ಓಣಿ ಓಣಿಯೇ ಗೇಟಿನೊಳಗೆ.
ಗುಜರಿ ಗಾಡಿಯ ಮುನೀರ ಇಸ್ತ್ರಿ ಅಂಗಿ ಹಾಕಿ ನಿಂತಿದ್ದಾನೆ,
ನರ್ಸಿಂಗ್ ಹೋಮಿನ ಆಯಾ ಲೂರ್ದಮ್ಮ
ರಾತ್ರಿ ಪಾಳಿಯ ಕಣ್ಣಲ್ಲೇ, ಮೊಮ್ಮಗನ ಕೈ ಹಿಡಿದು.
ಯಾರೋ ದೇವರ ಹೂವನ್ನು ಮಗುವಿನ ಜೇಬಿಗೆ ತುರುಕುತ್ತಾರೆ.
ಒಬ್ಬಳು ನನ್ನ ಹತ್ತಿರವೇ ಬಂದು, ಕಿವಿಯಲ್ಲಿ,
"ಅಕ್ಕಾ, ನಮ್ಮದು ಸ್ವಲ್ಪ ಮೇಲೆ ಇರೋ ಹಾಗೆ..."
ನಾನೇನು ಮಾಡಲಿ ಮಾರಾಯ್ತಿ, ಅಡುಗೆಯವಳು.

ನಮ್ಮ ಕಾಲಕ್ಕೆ ಚೀಟಿ ಇರಲಿಲ್ಲ, ಕಿವಿ ಇತ್ತು.
ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಅನ್ನೋರು ಮೇಷ್ಟ್ರು.
ಮುಟ್ಟಿದರೆ ಒಳಗೆ, ಇಲ್ಲದಿದ್ದರೆ ಬರೋ ವರ್ಷ.
ನನಗೆ ಒಂದು ಬೆರಳಷ್ಟು ಕಡಿಮೆ ಬಿತ್ತು.
ಮೇಷ್ಟ್ರು ಅತ್ತ ಇತ್ತ ನೋಡಿ
ಸೀಮೆಸುಣ್ಣದ ಕೈಯಿಂದ ನನ್ನ ಮೊಣಕೈಯನ್ನು ಒಂಚೂರು ದೂಡಿದರು.
ಮುಟ್ಟಿತು.
ಹುಟ್ಟಿದ ದಿನ ಜೂನ್ ಒಂದು ಅಂತ ಬರಕೊಂಡರು;
ನಮ್ಮ ಕ್ಲಾಸಿನ ಅರ್ಧ ಮಂದಿ ಜೂನ್ ಒಂದಕ್ಕೇ ಹುಟ್ಟಿದವರು.
ಮೋಸವೇ ಅದು.
ಆ ಮೋಸದಿಂದಲೇ ಇವತ್ತು
ಬಸ್ಸಿನ ಬೋರ್ಡು ಯಾರನ್ನೂ ಕೇಳದೆ ಓದುತ್ತೇನೆ.

ಈಗ ಹಾಗಲ್ಲ, ಎಲ್ಲಾ ಎಲ್ಲರ ಎದುರಿಗೆ.
ಎರಡನೇ ಕ್ಲಾಸಿನ ತಸ್ಮಿಯಾಳ ಕಣ್ಣಿಗೆ ಕರವಸ್ತ್ರ ಕಟ್ಟಿದರು.
ಕೈ ಇಳಿಸಿ, ಕಲಕಿ, ಒಂದೊಂದೇ ಎತ್ತಿದಳು.
ಅಧ್ಯಕ್ಷರು ಬಿಡಿಸಿದರು, ಮೇಡಂ ಓದಿದರು,
ಯಾರೋ ಮೊಬೈಲಿನಲ್ಲಿ ಹಿಡಿದುಕೊಂಡರು.
ಹೆಸರು ಬಂದವರು ಕೂಗಲಿಲ್ಲ;
ಪಕ್ಕದವರ ಮುಖ ನೋಡಿ ನಗುವನ್ನು ನುಂಗಿದರು,
ಬಿಸಿ ಅನ್ನದ ತುತ್ತಿನ ಹಾಗೆ.
ಇಪ್ಪತ್ತೊಂಬತ್ತು. ಮೂವತ್ತು.
ಲೂರ್ದಮ್ಮನ ಮೊಮ್ಮಗ ಆಮೇಲೂ
ಕೈ ಎತ್ತಿಕೊಂಡೇ ನಿಂತಿದ್ದ.
ಹೆಸರು ಕರೆದರೆ ಕೈ ಎತ್ತು ಅಂತ ಮನೆಯಲ್ಲಿ ಹೇಳಿಕೊಟ್ಟಿದ್ದರು.
ಕರೆಯದಿದ್ದರೆ ಏನು ಮಾಡಬೇಕು ಅಂತ ಹೇಳಿರಲಿಲ್ಲ.

ಉಳಿದದ್ದನ್ನು ಬಾದಾಮಿ ಮರದ ಬುಡಕ್ಕೆ ಸುರಿದು ಕಡ್ಡಿ ಗೀರಿದೆ.
ಎಂಬತ್ತೇಳು ಹೆಸರು ಉರಿಯಲಿಕ್ಕೆ
ಒಂದು ಲೋಟ ಚಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಎಂಬತ್ತೇಳಲ್ಲ. ಎಂಬತ್ತಾರು.
ಬಕೆಟ್ಟಿಗೆ ನೀರು ಬಿಟ್ಟಾಗ ಕಂಡಿತು:
ನೆಗ್ಗಿದಲ್ಲಿ, ಬೆರಳು ಹೋಗದ ಸಂದಿಯಲ್ಲಿ,
ನಿನ್ನೆಯ ಬೇಳೆಯ ಜಿಗುಟಿಗೆ ಅಂಟಿಕೊಂಡು
ಒಂದು ಚೀಟಿ, ಮಡಿಕೆ ಬಿಚ್ಚದ್ದು.
ಬಿಡಿಸುವಷ್ಟರಲ್ಲಿ ಶಾಯಿ ಕರಗಿ ನೀಲಿ ನೀರಾಯಿತು.
ಒಂದೇ ಅಕ್ಷರ ಉಳಿಯಿತು, ಎಲ್ಲರ ಹೆಸರಿನ ಹಿಂದೆಯೂ ಇರುವಂಥದ್ದು:
ಕು.
ಕುಮಾರನೋ ಕುಮಾರಿಯೋ, ಅದೂ ತಿಳಿಯದು.

ಹೇಳಬೇಕು ಅಂತಲೇ ಹೋದೆ.
ರಿಜಿಸ್ಟರಿಗೆ ಸಹಿ ಬೀಳುತ್ತಿತ್ತು, ಸೀಲು ಬೀಳುತ್ತಿತ್ತು.
"ಏನು ಚೌಡಮ್ಮ?"
"ಬಕೆಟ್ಟು ತೊಳೆದಾಯ್ತು ಮೇಡಂ" ಅಂದೆ.

ಸೋಮವಾರ ಮೂವತ್ತು ತಟ್ಟೆ ಹೆಚ್ಚಾಯಿತು.
ಮೂವತ್ತೂ ಒಳ್ಳೆಯ ಮಕ್ಕಳೇ, ಒಂದಕ್ಕೆ ಮೂಗು ಸೋರುತ್ತದೆ.
ಗಾಂಧಿ ಬಜಾರಿನಲ್ಲಿ ಯಾವ ಮಗು ಅಮ್ಮನ ಚೂಡಿ ಹಿಡಿದು ಎಳೆದರೂ
ಇದೇನಾ, ಅಂತ ನಿಲ್ಲುತ್ತೇನೆ.
ಸರಿಯಾಗಿ ಬಿದ್ದಿದ್ದರೂ ಬರುತ್ತಿರಲಿಲ್ಲವೇನೋ;
ನೂರಾ ಹದಿನೇಳಕ್ಕೆ ಮೂವತ್ತು, ಆ ಲೆಕ್ಕ ನನಗೂ ಗೊತ್ತು.
ಆದರೆ ತಸ್ಮಿಯಾಳ ಬೆರಳು ಅದರ ಹತ್ತಿರ ಹೋಗಲೇ ಇಲ್ಲವಲ್ಲ.

ಈಗ ಬಡಿಸುವಾಗ ಪ್ರತಿ ಸಲ
ಸೌಟನ್ನು ತಳದವರೆಗೆ ಇಳಿಸಿ
ನೆಗ್ಗಿನ ಸಂದಿಯನ್ನು ಒಮ್ಮೆ ಕೆರೆದು ನೋಡುತ್ತೇನೆ.
ಆ ಕಿರ್ರ್ ಸದ್ದಿಗೆ ಸಾಲಿನಲ್ಲಿರುವ ಮಕ್ಕಳೆಲ್ಲ
ತಟ್ಟೆ ಕಂಕುಳಲ್ಲಿ ಇಟ್ಟುಕೊಂಡು
ಕಿವಿ ಮುಚ್ಚಿಕೊಳ್ಳುತ್ತವೆ.